ಸೋರಿದ ಎಣ್ಣೆಯ ಸುಳಿವು

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳದು ಸುಣ್ಣಕಲ್ಲಿನ ಸೀಮೆ. ಗಣಿ, ಸಿಮೆಂಟು ಕಾರ್ಖಾನೆಗಳ ಈ ಧೂಳಿನ ನಾಡಿನಲ್ಲಿ ಕಾರು ಸಾಕಿದವರು ಒಂದು ಮಾತನ್ನು ನೆನಪಿಡಬೇಕು: ಗೇರ್ ಬಾಕ್ಸಿನ ಎಣ್ಣೆ ಪೆಟ್ರೋಲಿನಂತೆ ಉರಿದು ತೀರುವುದಿಲ್ಲ, ಕಡಿಮೆಯಾದರೆ ಎಲ್ಲಿಯೋ ಸೋರಿದೆಯೆಂದೇ ಅರ್ಥ. ಹಾಗೆಯೇ ಓಡಿಸಿದರೆ ಹಲ್ಲುಚಕ್ರಗಳು ಕಾದು ಸವೆಯುತ್ತವೆ.

ಆದುದರಿಂದ ಮೊದಲ ಪರೀಕ್ಷೆ ನೆಲದ್ದು. ರಾತ್ರಿ ಕಾರಿನಡಿ ಬಿಳಿಯ ಕಾಗದ ಹಾಸಿರಿ. ಹಳೆಯ ಶಹಾಬಾದ ಹಾಸುಗಲ್ಲಿನ ಮೇಲೆ ಕಲೆ ಸುಲಭವಾಗಿ ಕಾಣದು. ಬೆಳಿಗ್ಗೆ ಕೆಂಪು ಅಥವಾ ಕಂದು ಜಿಡ್ಡು ಕಂಡರೆ ಮೆಕ್ಯಾನಿಕನಿಗೆ ತೋರಿಸಿರಿ.

ಸ್ವಯಂಚಾಲಿತ ಗೇರಿನ ಕೆಲವು ಕಾರುಗಳಿಗೆ ಎಣ್ಣೆ ಅಳೆಯುವ ಕಡ್ಡಿಯಿರುತ್ತದೆ. ಕಾರನ್ನು ಸಮನೆಲದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಕಡ್ಡಿಯ ಸುತ್ತಲಿನ ಧೂಳನ್ನು ಮೊದಲು ಒರೆಸಿರಿ. ಎಂಜಿನ್ ಬಿಸಿಯಾಗಿ ಓಡುತ್ತಿರುವಾಗ ಅಳೆಯುವುದು ಸಾಮಾನ್ಯ ಪದ್ಧತಿ. ಕಾರಿನ ಕೈಪಿಡಿಯ ಮಾತೇ ಅಂತಿಮ. ಕಡ್ಡಿಯನ್ನು ಒರೆಸಿ, ಮತ್ತೆ ಇಳಿಸಿ ತೆಗೆದಾಗ ಎಣ್ಣೆ ಎರಡು ಗುರುತುಗಳ ನಡುವೆ ಇರಬೇಕು. ಕಪ್ಪಾಗಿ ಸುಟ್ಟ ವಾಸನೆ ಬಂದರೆ ಕೆಟ್ಟಿದೆ. ಹಾಲಿನಂತಿದ್ದರೆ ನೀರು ಸೇರಿದೆ.

ಕಡ್ಡಿಯಿಲ್ಲದ ಕಾರುಗಳಲ್ಲಿ ಗೇರ್ ಬಾಕ್ಸಿನ ಬಿರಡೆ ಬಿಚ್ಚಿ ನೋಡಬೇಕಾಗುತ್ತದೆ. ಅದು ಗ್ಯಾರೇಜಿನ ಕೆಲಸ. ಬರಿಯ ಜಾಕಿನ ಮೇಲೆ ನಿಂತ ಕಾರಿನಡಿ ಯಾರೂ ನುಸುಳಬಾರದು. ಎಣ್ಣೆ ತುಂಬಿಸಿ ಸಮಾಧಾನಪಡುವ ಮುನ್ನ ಸೋರಿಕೆಯನ್ನು ಹುಡುಕಿಸಿರಿ.