ಕೈಗಡಿಯಾರದ ಹೃದಯ ಬಡಿತ: ವ್ಯಾಪಾರಿ ಎಷ್ಟು ಭರವಸೆ ನೀಡಬಹುದು?

ಬಂಟ್ವಾಳ, ಬೆಳ್ತಂಗಡಿ ಹಾಗೂ ಮೂಡುಬಿದಿರೆಯ ಮೊಬೈಲ್ ಅಂಗಡಿಗಳಲ್ಲಿ ಸ್ಮಾರ್ಟ್ ವಾಚ್ ಇಂದು ಸಾಮಾನ್ಯ ಸರಕಾಗಿದೆ. ಹೃದಯ ಬಡಿತವನ್ನು ತೋರಿಸುವುದು ಅದರ ದೊಡ್ಡ ಆಕರ್ಷಣೆ. ಆದರೆ 'ಈ ಅಂಕಿಯನ್ನು ನಂಬಬಹುದೇ?' ಎಂದು ಗಿರಾಕಿಯು ಕೇಳಿದಾಗ ದೊರೆಯುವ ಉತ್ತರದ ಮೇಲೆ ಅಂಗಡಿಯ ಹೆಸರು ಮಾತ್ರವಲ್ಲ, ಕೆಲವೊಮ್ಮೆ ಗಿರಾಕಿಯ ಜೀವವೂ ನಿಂತಿರುತ್ತದೆ.

ವಾಚಿನ ತಳಭಾಗದಿಂದ ಹೊಮ್ಮುವ ಹಸಿರು ಬೆಳಕನ್ನು ಚರ್ಮದಡಿಯ ರಕ್ತವು ಹೀರಿಕೊಳ್ಳುತ್ತದೆ. ಪ್ರತಿ ಬಡಿತಕ್ಕೂ ರಕ್ತದ ಪ್ರಮಾಣ ಏರಿಳಿಯುವುದರಿಂದ ಹಿಂದಿರುಗುವ ಬೆಳಕೂ ಏರಿಳಿಯುತ್ತದೆ. ವಾಚು ಎಣಿಸುವುದು ಈ ಏರಿಳಿತವನ್ನೇ. ಆದುದರಿಂದ ಕೈ ಅಲುಗಾಡಿದರೆ, ಪಟ್ಟಿ ಸಡಿಲವಾದರೆ ಲೆಕ್ಕ ತಪ್ಪುವುದು ಸಹಜ. ಕುಳಿತು ವಿಶ್ರಮಿಸುವವನ ಬಡಿತವನ್ನು ಸರಿಯಾಗಿ ತೋರಿಸುವ ವಾಚು, ಅದೇ ವ್ಯಕ್ತಿ ಅಡಿಕೆ ಸುಲಿಯುವಾಗ ಕೈಯ ಚಲನೆಯನ್ನೇ ನಾಡಿಯೆಂದು ಭ್ರಮಿಸಬಹುದು.

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ 60 ಮಂದಿಗೆ ಏಳು ಬಗೆಯ ಸಾಧನಗಳನ್ನು ತೊಡಿಸಿ ನಡೆಸಿದ ಪರೀಕ್ಷೆಯಲ್ಲಿ, ಆರು ಸಾಧನಗಳ ಹೃದಯ ಬಡಿತದ ದೋಷ ಶೇ. 5ರೊಳಗಿತ್ತು. ಆದರೆ ವ್ಯಯವಾದ ಕ್ಯಾಲೊರಿಯ ಲೆಕ್ಕದಲ್ಲಿ ಅತ್ಯುತ್ತಮ ಸಾಧನವೂ ಸರಾಸರಿ ಶೇ. 27ರಷ್ಟು ತಪ್ಪಿತ್ತು. ಒಂದು ಅಂಕಿ ಸರಿಯೆಂದ ಮಾತ್ರಕ್ಕೆ ವಾಚಿನ ಎಲ್ಲ ಅಂಕಿಗಳೂ ಸರಿಯಲ್ಲ. ಚುಚ್ಚದೆಯೇ ರಕ್ತದ ಸಕ್ಕರೆ ಅಳೆಯುವುದಾಗಿ ಹೇಳುವ ವಾಚು, ಉಂಗುರಗಳನ್ನು ಬಳಸದಂತೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2024ರ ಫೆಬ್ರವರಿಯಲ್ಲಿ ಎಚ್ಚರಿಸಿತು.

ಇದಕ್ಕಿಂತ ಮುಖ್ಯವಾದುದು ಇನ್ನೊಂದಿದೆ. ಬಡಿತದ ಸಂಖ್ಯೆ ಸರಿಯಿದ್ದರೂ ಹೃದಯಾಘಾತವಾಗುತ್ತಿರಬಹುದು. ರಕ್ತನಾಳ ಕಟ್ಟಿಕೊಂಡಿರುವುದನ್ನು ಹಸಿರು ಬೆಳಕು ಕಾಣಲಾರದು. ದುಬಾರಿ ವಾಚುಗಳ ಇಸಿಜಿ ಸಹ ಒಂದೇ ಕೋನದ ನೋಟ. ಆಸ್ಪತ್ರೆಯದು ಹನ್ನೆರಡು ಕೋನಗಳದು. ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಅವರು 2018ರಲ್ಲಿ ಆರಂಭಿಸಿದ 'ಕಾರ್ಡಿಯಾಲಜಿ ಅಟ್ ಡೋರ್‌ಸ್ಟೆಪ್' ಯೋಜನೆಯು ಗ್ರಾಮೀಣ ಆರೋಗ್ಯ ಕೇಂದ್ರಗಳಿಗೆ ಇಸಿಜಿ ಯಂತ್ರಗಳನ್ನೇ ಒದಗಿಸಿ, ವಾಟ್ಸಾಪ್ ಮೂಲಕ ತಜ್ಞರ ಸಲಹೆ ದೊರಕಿಸಿತು. ಎದೆನೋವು ಬಂದವರು ವಾಚು ನೋಡುತ್ತ ಕೂರದೆ ಇಂತಹ ಯಂತ್ರವಿರುವಲ್ಲಿಗೆ ಧಾವಿಸಬೇಕು.

ವ್ಯಾಪಾರಿಗಳು ಕಾನೂನನ್ನೂ ಗಮನಿಸಬೇಕು. ಸ್ಮಾರ್ಟ್ ವಾಚ್‌ಗಳಿಗೆ ಕಡ್ಡಾಯವಾದ ಬಿಐಎಸ್ ನೋಂದಣಿಯು ವಿದ್ಯುತ್ ಸುರಕ್ಷತೆಗೆ ಸಂಬಂಧಿಸಿದ್ದೇ ಹೊರತು ಬಡಿತದ ನಿಖರತೆಗೆ ಪ್ರಮಾಣಪತ್ರವಲ್ಲ. ತಯಾರಕರು ನೀಡದ ಭರವಸೆಯನ್ನು ಮಾರಾಟಗಾರನೇ ಸ್ಪಷ್ಟವಾಗಿ ನೀಡಿ, ಅದು ಹುಸಿಯಾಗಿ ಗ್ರಾಹಕನಿಗೆ ಹಾನಿಯಾದಲ್ಲಿ, ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ 86ನೆಯ ಕಲಮಿನಂತೆ ಹೊಣೆ ಆತನದೇ. 'ಹಾರ್ಟ್ ಅಟ್ಯಾಕ್ ಮೊದಲೇ ತಿಳಿಸುತ್ತದೆ' ಎಂಬ ಒಂದು ಮಾತು ದುಬಾರಿಯಾದೀತು.

ಹಾಗೆಂದು ಸರಕನ್ನು ಹಳಿಯಬೇಕಿಲ್ಲ. ಗಿರಾಕಿಯನ್ನು ಐದು ನಿಮಿಷ ಕೂರಿಸಿ, ಮಣಿಕಟ್ಟಿನ ಮೂಳೆಗಿಂತ ತುಸು ಮೇಲೆ ವಾಚನ್ನು ಬಿಗಿಯಾಗಿ ಕಟ್ಟಬೇಕು. ಇನ್ನೊಂದು ಕೈಯ ನಾಡಿಯನ್ನು 30 ಸೆಕೆಂಡು ಎಣಿಸಿ ಇಮ್ಮಡಿಸಿದರೆ ಹೋಲಿಕೆ ಅಲ್ಲಿಯೇ ಸಿದ್ಧ. 'ವ್ಯಾಯಾಮಕ್ಕೂ ದಿನಚರಿಗೂ ಇದು ಸಾಕು, ರೋಗಪತ್ತೆಗೆ ವೈದ್ಯರೇ ಬೇಕು' ಎಂದು ಹೇಳಿ ಮಾರಿದ ವಾಚು ಹಿಂದಿರುಗಿ ಬರುವುದು ಕಡಿಮೆ. ಗಿರಾಕಿಯಂತೂ ಮರಳಿ ಬಂದೇ ಬರುತ್ತಾನೆ.