ಹಂಚಿನ ಮುಂದೊಂದು ಮೊಬೈಲು

ದಾವಣಗೆರೆಯ ಬೆಣ್ಣೆದೋಸೆಯ ಕೀರ್ತಿ ಬೆಂಗಳೂರನ್ನು ಮುಟ್ಟಿ ಬಹುಕಾಲವಾಯಿತು. ಆದರೆ ಅದೇ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳಲ್ಲಿ ನಸುಕಿಗೇ ಒಲೆ ಹೊತ್ತಿಸುವ ಹೋಟೆಲುಗಳಿಗೆ ಬಸ್‌ಸ್ಟ್ಯಾಂಡಿನಿಂದಾಚೆ ಹೆಸರು ಹಬ್ಬುವ ಭಾಗ್ಯ ಅಷ್ಟಾಗಿ ಒದಗಿದ್ದಿಲ್ಲ. ಆ ಭಾಗ್ಯವನ್ನು ಅಂಗೈಯಗಲದ ಮೊಬೈಲಿನಿಂದ ತಂದುಕೊಡಲು ಹೊರಟಿರುವ ತರುಣರಲ್ಲಿ ನ್ಯಾಮತಿ ಕಡೆಯವನೊಬ್ಬನ ಕೆಲಸವನ್ನು ಕಣ್ಣಾರೆ ನೋಡಬೇಕೆಂದೇ ನಾನು ಹೋದದ್ದು. ಹೆಸರು ಹಾಕುವುದು ಬೇಡವೆಂದು ಆತನು ಸಂಕೋಚದಿಂದ ಕೇಳಿಕೊಂಡಿದ್ದಾನೆ.

ವಿಡಿಯೋ ತೆಗೆಯಲು ದೋಸೆ ಹೋಟೆಲೊಂದರೊಳಗೆ ಕಾಲಿಟ್ಟವನೇ ಗಲ್ಲಾದಲ್ಲಿ ಕುಳಿತಿದ್ದ ವೃದ್ಧೆಗೆ ಕೈಮುಗಿದು, 'ಅಜ್ಜೀ, ಸ್ವಲ್ಪ ಹೊತ್ತು ರೇಡಿಯೋ ಬಂದ್ ಮಾಡ್ತೀರಾ?' ಎಂದನು. ಹಿನ್ನೆಲೆಯಲ್ಲಿ ಸಿನಿಮಾ ಹಾಡು ಸಿಕ್ಕಿಬಿದ್ದರೆ ಹಕ್ಕುಸ್ವಾಮ್ಯದ ದೆಸೆಯಿಂದ ವಿಡಿಯೋದ ಧ್ವನಿಯೇ ಅಡಗಿಹೋಗುವ ಸಂಭವವುಂಟು. ಧ್ವನಿ ಹೋದ ಮೇಲೆ ದೋಸೆಯಲ್ಲಿ ಉಳಿಯುವುದೇನು ಎಂಬುದು ಅವನ ಮತ. ಅನಂತರ ಅವನ ದೃಷ್ಟಿ ಟ್ಯೂಬ್‌ಲೈಟಿನತ್ತ ಹೊರಳಿತು. ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಆವರ್ತಗಳದಾದ್ದರಿಂದ ಹಳೆಯ ಟ್ಯೂಬ್‌ಲೈಟು ಸೆಕೆಂಡಿಗೆ 100 ಸಲ ಮಿನುಗುತ್ತದೆ. ಮನುಷ್ಯನ ಕಣ್ಣಿಗೆ ಅಗೋಚರವಾದ ಈ ಮಿನುಗು ಕ್ಯಾಮೆರಾಕ್ಕೆ ಗೋಚರಿಸಿ, ಚಿತ್ರದ ಮೇಲೆ ಕಪ್ಪು ಪಟ್ಟೆಗಳಾಗಿ ತೇಲತೊಡಗುತ್ತದೆ. ಶಟರನ್ನು 1/50ಕ್ಕೆ ನಿಲ್ಲಿಸಿದೊಡನೆ ಪಟ್ಟೆಗಳು ಮಾಯವಾದವು. ಇದನ್ನು ಅವನಿಗೆ ಯಾವ ಶಾಲೆಯೂ ಕಲಿಸಿದ್ದಲ್ಲ.

ಭಟ್ಟರು ಕಾದ ಹಂಚಿಗೆ ನೀರು ಚಿಮುಕಿಸಿ, ಪೊರಕೆಯಿಂದ ಸವರಿ, ಹಿಟ್ಟು ಹುಯ್ದು ಸೌಟಿನ ಬೆನ್ನಿನಿಂದ ವರ್ತುಲವಾಗಿ ಹರಡಿ, ಮೈತುಂಬ ಸಣ್ಣ ರಂಧ್ರಗಳು ಒಡೆಯುತ್ತಿರುವಾಗಲೇ ಬೆಣ್ಣೆಯ ಮುದ್ದೆಯನ್ನಿಟ್ಟು, ಅದು ಸುಯ್ಯೆಂದು ಕರಗಿ ಅಂಚಿನತ್ತ ಹರಿಯುವವರೆಗಿನ ಆ ಅಲ್ಪಾವಧಿಯಲ್ಲಿ, ತರುಣನು ಮೊಣಕೈಗಳನ್ನು ಪಕ್ಕೆಗೊತ್ತಿ, ಉಸಿರು ಬಿಗಿಹಿಡಿದು, ಹೊಗೆಗೆ ಕಣ್ಣು ನೀರಾಡಿದರೂ ಕದಲದೆ ನಿಂತಿದ್ದನು. ಬೆಣ್ಣೆ ಕರಗುವ ಸದ್ದನ್ನು ಮೈಕು ಹಿಡಿದು ಮತ್ತೆ ಪ್ರತ್ಯೇಕವಾಗಿ ತುಂಬಿಕೊಂಡನು. ಇನ್ನೊಂದು ಕೋನದಿಂದ ತೆಗೆಯುತ್ತೇನೆಂದಾಗ ಭಟ್ಟರು, 'ತಮ್ಮಾ, ಸೀದ್ರೆ ನೀನೇ ತಿನ್ಬೇಕು ನೋಡು' ಎಂದರು. ಸೀದದ್ದನ್ನು ಅವನು ತಿಂದನು.

ಮಿಕ್ಕದ್ದು ಬೆಂಚಿನ ಮೇಲೆ ಕುಳಿತೇ ಮುಗಿಯಿತು: ನಿಲುವು ಚೌಕಟ್ಟು, ಬೆಣ್ಣೆಯ ದೃಶ್ಯವೇ ಮೊದಲು, ಬೇಡದ್ದಕ್ಕೆಲ್ಲ ಕತ್ತರಿ, ಮೇಲೆ ತನ್ನದೇ ಮಾತು, ಊರಿನ ಹೆಸರು ದೊಡ್ಡಕ್ಷರದಲ್ಲಿ, ಕೊನೆಗೆ ಪೋಸ್ಟ್. 2020ರ ಜೂನ್ ತಿಂಗಳಿನಲ್ಲಿ ಟಿಕ್‌ಟಾಕ್ ನಿಷೇಧವಾದ ಬೆನ್ನಲ್ಲೇ ಬಂದ ರೀಲ್ಸ್, ಶಾರ್ಟ್ಸ್‌ಗಳೇ ಈಗ ಇವರ ರಂಗಸ್ಥಳ.

ರಂಗಸ್ಥಳವೆಂದಾಗ ಹಳೆಯ ಕಥೆಯೊಂದು ನೆನಪಾಗುತ್ತದೆ. ಚೆನ್ನಮ್ಮನೆಂಬವರು 1928ರಲ್ಲಿ ದಾವಣಗೆರೆಯ ನಾಟಕದ ಥಿಯೇಟರಿನ ಬಳಿ ರಾಗಿದೋಸೆ ಹಾಕತೊಡಗಿದರೆಂದೂ, ಮುಂದೆ ಅವರ ಮಕ್ಕಳು ಅಕ್ಕಿಹಿಟ್ಟಿಗೆ ತಿರುಗಿ ಇಂದಿನ ಬೆಣ್ಣೆದೋಸೆಗೆ ರೂಪ ಕೊಟ್ಟರೆಂದೂ ಬಲ್ಲವರು ಹೇಳುತ್ತಾರೆ. ಆಟ ನೋಡಿ ಹಸಿದು ಹೊರಬಂದವರೇ ಅಂದಿನ ಪ್ರಚಾರಕರಾಗಿದ್ದಿರಬೇಕು. ಆ ದೋಸೆಯ ಊರಿನ ಹೆಸರಿನಲ್ಲೇ 1997ರಲ್ಲಿ ಜಿಲ್ಲೆ ರಚನೆಯಾದಾಗ ಶಿವಮೊಗ್ಗದಿಂದ ಚನ್ನಗಿರಿ, ಹೊನ್ನಾಳಿಗಳೂ ಚಿತ್ರದುರ್ಗದಿಂದ ಜಗಳೂರೂ ಬಂದು ಸೇರಿದವು. ನ್ಯಾಮತಿ ತಾಲ್ಲೂಕಾದದ್ದು ಇತ್ತೀಚೆಗೆ. ಜಿಲ್ಲಾ ಕೇಂದ್ರದ ದೋಸೆಯ ನೆರಳಿನಲ್ಲಿ ಈ ಊರುಗಳ ಪಡ್ಡು, ಮಂಡಕ್ಕಿ, ಮೆಣಸಿನಕಾಯಿ ಬಜ್ಜಿಗಳು ಮಂಕಾಗಿವೆಯೆಂದು ತರುಣನಿಗೆ ಅಸಮಾಧಾನ. ನನಗೂ ಅದು ನ್ಯಾಯವಾಗಿಯೇ ಕಂಡಿತು.

ಪ್ರತಿಫಲವೋ, ಒಂದು ತಟ್ಟೆ ದೋಸೆ, ಒಂದು ಕಾಫಿ, ಪೆಟ್ರೋಲು ಅವನದೇ. ಹೋಟೆಲಿನವರಿಗೂ ಇದು ಬರಿಯ ಲಾಭವಲ್ಲ. ಹಿಂದಿನ ವಿಡಿಯೋ ನೋಡಿ ಭಾನುವಾರ ಬೈಕುಗಳಲ್ಲಿ ಜನ ನುಗ್ಗಿದಾಗ ಹಿಟ್ಟು ಬೇಗನೆ ಮುಗಿದು, ದಿನವೂ ಬರುವ ಹಮಾಲರು ಬರಿಹೊಟ್ಟೆಯಲ್ಲಿ ಹಿಂದಿರುಗಿದರೆಂದು ಅಜ್ಜಿ ಹೇಳಿದರು. ಹೆಚ್ಚು ರುಬ್ಬಲು ಮನೆಯಲ್ಲಿ ಕೈಗಳಿಲ್ಲ.

ಚನ್ನಗಿರಿ, ಹೊನ್ನಾಳಿಗಳನ್ನು ಆತನು ಮುಗಿಸಿದ್ದಾನೆ. ಜಗಳೂರಿನ ಮಂಡಕ್ಕಿ-ಮೆಣಸಿನಕಾಯಿಯ ಅಂಗಡಿಯೊಂದು ಬಾಕಿಯಿದೆ. ಬೆಂಗಳೂರಿನಿಂದ ನೌಕರಿಯ ಕರೆ ಬರುವುದರೊಳಗೆ ಅದನ್ನೊಂದು ತೆಗೆದುಬಿಡಬೇಕೆಂದು ಲೆಕ್ಕ ಹಾಕುತ್ತಿದ್ದಾನೆ.