ಟ್ಯಾಂಕಿನಿಂದ ನಾಜಲ್‌ವರೆಗೆ

ಪಣಜಿಯ ಮಗ್ಗುಲಲ್ಲೇ ಇರುವ ಚಿಂಬಲ್‌ನ ಇಂದಿರಾನಗರದಲ್ಲಿ ಉತ್ತರ ಕರ್ನಾಟಕದಿಂದ ದುಡಿಯಲು ಬಂದ ಅನೇಕ ಕುಟುಂಬಗಳು ನೆಲೆಸಿವೆ. ಅದೇ ಸೀಮೆಯ ಬೆಳಗಾವಿಯಿಂದ ತರಕಾರಿ ಹೊತ್ತ ಲಾರಿಗಳು ಚೋರ್ಲಾ, ಅನಮೋಡ ಘಟ್ಟಗಳನ್ನು ಇಳಿದು ಗೋವಾಕ್ಕೆ ಬರುತ್ತವೆ. ಇಳಿಯುವಾಗ ಸುಮ್ಮನಿದ್ದ ದೋಷ ಹೇರು ತುಂಬಿಕೊಂಡು ಘಟ್ಟ ಏರುವಾಗ ಬಯಲಾಗುತ್ತದೆ. 'ಗಾಡಿ ಎಳೀವಲ್ದ್ರಿ, ಏರ್ ಹಿಡದೈತಿ' (ಡೀಸೆಲ್ ಪೈಪಿನಲ್ಲಿ ಗಾಳಿ ಸೇರಿದೆ) ಎಂದು ಚಾಲಕರು ಮಿಸ್ತ್ರಿಯ ಮುಂದೆ ನಿಲ್ಲುವುದು ಆಗಲೇ.

ಹಳೆಯ ಲಾರಿಯ ಡೀಸೆಲ್‌ಗೆ ಎರಡು ಬಗೆಯ ಒತ್ತಡ ಬೇಕು. ಟ್ಯಾಂಕಿನಿಂದ ಡೀಸೆಲ್ ಎಳೆದು, ಫಿಲ್ಟರ್ ದಾಟಿಸಿ, ನಾಜಲ್‌ಗಳಿಗೆ ಡೀಸೆಲ್ ತಳ್ಳುವ ದೊಡ್ಡ ಪಂಪಿಗೆ ಮುಟ್ಟಿಸುವುದು ಫೀಡ್ ಪಂಪ್. ಅಲ್ಲಿ ಒಂದೆರಡು ಬಾರ್ ಒತ್ತಡ ಸಾಕು. ಲಾರಿ ಟೈರಿನ ಗಾಳಿಗಿಂತಲೂ ಬಹಳ ಕಡಿಮೆ. ದೊಡ್ಡ ಪಂಪಿನಿಂದ ಮುಂದಕ್ಕೆ ಲೆಕ್ಕವೇ ಬೇರೆ. ಅನೇಕ ಹಳೆಯ ಎಂಜಿನ್‌ಗಳಲ್ಲಿ ನಾಜಲ್ ಬಾಯಿ ತೆರೆಯಲು ಸುಮಾರು 200 ಬಾರ್ ಬೇಕು. ಅಷ್ಟನ್ನು ತಡೆಯಲು ಪಂಪಿನ ಪ್ಲಂಜರಿಗೂ ಬ್ಯಾರಲ್ಲಿಗೂ ನಡುವೆ ಉಳಿಸುವ ಸಂದು ಕೆಲವೇ ಮೈಕ್ರಾನ್.

ನಮ್ಮ ಮಿಸ್ತ್ರಿಗಳ ಬಾಯಲ್ಲಿ ಈ ದೊಡ್ಡ ಪಂಪ್ ಇಂದಿಗೂ 'ಮೈಕೋ ಪಂಪ್'. 1951ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಮೋಟಾರ್ ಇಂಡಸ್ಟ್ರೀಸ್ ಕಂಪನಿ (ಮೈಕೋ), ಆಡುಗೋಡಿಯ ಆ ದೊಡ್ಡ ಕಾರ್ಖಾನೆ, ದೇಶದ ಲಾರಿಗಳಿಗೂ ಟ್ರ್ಯಾಕ್ಟರುಗಳಿಗೂ ಡೀಸೆಲ್ ಪಂಪ್ ಕೊಟ್ಟಿತು. 2008ರಲ್ಲಿ ಕಂಪನಿಯ ಹೆಸರು ಬಾಷ್ ಲಿಮಿಟೆಡ್ ಎಂದಾಯಿತು. ಗ್ಯಾರೇಜಿನ ಮಾತು ಬದಲಾಗಲಿಲ್ಲ.

ಗಾಡಿ ಎಳೆಯದಿದ್ದರೆ ಮಾಲೀಕರ ಕಣ್ಣು ಮೊದಲು ಬೀಳುವುದು ಈ ಪಂಪಿನ ಮೇಲೆ. ಅದನ್ನು ಬಿಚ್ಚಿಸುವುದು ದುಬಾರಿ, ಎಷ್ಟೋ ಸಲ ಅನಗತ್ಯ. ಬಲ್ಲ ಮಿಸ್ತ್ರಿ ಟ್ಯಾಂಕಿನಿಂದ ಹುಡುಕಲು ಶುರುಮಾಡುತ್ತಾನೆ. ಮುಚ್ಚಳದ ಗಾಳಿರಂಧ್ರ ಕಟ್ಟಿಕೊಂಡಿದ್ದರೆ ಒಳಗೆ ನಿರ್ವಾತ ಬೆಳೆದು ಡೀಸೆಲ್ ಬರುವುದೇ ನಿಲ್ಲುತ್ತದೆ. ಮುಚ್ಚಳ ಸಡಿಲಿಸಿದೊಡನೆ ಗಾಡಿ ಸರಿಹೋದರೆ ಕಾಯಿಲೆ ಸಿಕ್ಕಿತು. ಟ್ಯಾಂಕಿಗೂ ಫೀಡ್ ಪಂಪಿಗೂ ನಡುವಿನ ಪೈಪು ಅತಿ ಮೋಸದ ಜಾಗ. ಎಂಜಿನ್ ಓಡುವಾಗ ಅಲ್ಲಿರುವುದು ಎಳೆತ, ಹಾಗಾಗಿ ಬಿರುಕಿದ್ದರೂ ಡೀಸೆಲ್ ತೊಟ್ಟಿಕ್ಕದೆ ಗಾಳಿ ಒಳಗೆ ನುಗ್ಗುತ್ತದೆ. ಹೊರಗೆಲ್ಲ ಒಣಗಿದಂತೆ ಕಾಣುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ಒಂದು ತುಂಡು ಪಾರದರ್ಶಕ ಪೈಪ್ ಜೋಡಿಸಿದರೆ ಗುಳ್ಳೆಗಳು ಕಣ್ಣಿಗೆ ಬೀಳುತ್ತವೆ. ಇನ್ನೊಂದು ಉಪಾಯ ನನಗೆ ಬಹಳ ಮೆಚ್ಚುಗೆ: ಶುದ್ಧ ಡೀಸೆಲಿನ ಕ್ಯಾನನ್ನು ಎತ್ತರಕ್ಕೆ ಕಟ್ಟಿ ನೇರವಾಗಿ ಫೀಡ್ ಪಂಪಿಗೆ ಕೊಡುವುದು. ಗಾಡಿ ಚೆನ್ನಾಗಿ ಓಡಿದರೆ ದೋಷ ಹಿಂದೆ, ಟ್ಯಾಂಕಿನ ಕಡೆಗಿದೆ. ಆಮೇಲೂ ಎಳೆಯದಿದ್ದರೆ ಫಿಲ್ಟರ್, ಫೀಡ್ ಪಂಪಿನ ವಾಲ್ವ್, ಸ್ಪ್ರಿಂಗ್ ಸೋತ ಓವರ್‌ಫ್ಲೋ ವಾಲ್ವ್ ಇವುಗಳ ಸರದಿ. ಗೇಜ್ ಹಾಕಿ ಅಳೆದರೆ ಊಹೆಯ ಕೆಲಸ ಮುಗಿಯುತ್ತದೆ. ಐಡಲ್‌ನಲ್ಲಿ ಸರಿ ತೋರುವ ಮುಳ್ಳು ಲೋಡ್ ಬಿದ್ದಾಗ ಇಳಿಯಬಹುದು, ಆದ್ದರಿಂದ ಎರಡೂ ಹೊತ್ತಿನಲ್ಲಿ ನೋಡಬೇಕು.

ಗೋವಾದ ಮಳೆಗಾಲ ಇದಕ್ಕೆ ಇನ್ನಷ್ಟು ಕಷ್ಟ ಕೂಡಿಸುತ್ತದೆ. ಅರ್ಧ ಖಾಲಿ ಟ್ಯಾಂಕಿನ ಒಳಗೋಡೆಯಲ್ಲಿ ತೇವ ಹನಿಗಟ್ಟಿ ತಳ ಸೇರುತ್ತದೆ. ತುಕ್ಕು, ಕಪ್ಪು ಲೋಳೆ ಬೆಳೆದು ಫಿಲ್ಟರಿಗೆ ಮೆತ್ತಿಕೊಳ್ಳುತ್ತವೆ. ನಿಂತೇ ಇರುವ ಗಾಡಿಗಳಿಗೆ ಈ ಕಾಟ ಹೆಚ್ಚು: 2012ರಲ್ಲಿ, ಮತ್ತೆ 2018ರಲ್ಲಿ ಗೋವಾದ ಗಣಿಗಾರಿಕೆ ನಿಂತಾಗ ಅದಿರಿನ ಟಿಪ್ಪರುಗಳು ಸಾಲುಸಾಲಾಗಿ ನಿಂತುಬಿಟ್ಟವು. ಹೀಗೆ ನಿಂತ ಗಾಡಿಯನ್ನು ಮತ್ತೆ ಓಡಿಸುವ ಮೊದಲು ಟ್ಯಾಂಕ್ ತೊಳೆದು, ಫಿಲ್ಟರ್ ಬದಲಿಸಿ, ಹ್ಯಾಂಡ್ ಪಂಪ್ ಒತ್ತಿ ಗಾಳಿ ತೆಗೆಯದಿದ್ದರೆ ಕೊಳೆಯೆಲ್ಲ ಆ ಮೈಕ್ರಾನ್ ಸಂದಿಗೇ ಹೋಗುತ್ತದೆ.

ಇಷ್ಟೆಲ್ಲ ನೋಡಿಯೂ ಒತ್ತಡ ಬರದಿದ್ದರೆ ಮಾತ್ರ ಪಂಪ್ ಬಿಚ್ಚಿ ಟೆಸ್ಟ್ ಬೆಂಚಿಗೆ ಏರಿಸಬೇಕು. ಅಲ್ಲಿ ಪ್ರತಿ ಸಿಲಿಂಡರಿನ ಡೀಸೆಲ್ ಅಳತೆಗಾಜಿಗೆ ಬಿದ್ದು ಹೆಚ್ಚುಕಡಿಮೆ ತಿಳಿಯುತ್ತದೆ. ಹಳೆಯ ಎಂಜಿನ್‌ಗಳಲ್ಲಿ ಸತ್ತ ಸಿಲಿಂಡರ್ ಗುರುತಿಸಲು ಮಿಸ್ತ್ರಿಗಳು ಎಂಜಿನ್ ಓಡುತ್ತಿರುವಾಗಲೇ ಒಂದೊಂದಾಗಿ ನಾಜಲ್ ಪೈಪಿನ ನಟ್ ಸಡಿಲಿಸಿ ಸದ್ದು ಆಲಿಸುವುದುಂಟು. ಹೊಸ ಕಾಮನ್ ರೇಲ್ ಗಾಡಿಗಳಲ್ಲಿ ಇದನ್ನು ಎಂದೂ ಮಾಡಬಾರದು: ಅಲ್ಲಿ 1,600 ಬಾರ್ ಮೀರುವ ಒತ್ತಡವಿರಬಹುದು, ಚಿಮ್ಮಿದ ಡೀಸೆಲ್ ಚರ್ಮ ಸೀಳಿ ಒಳಹೊಕ್ಕರೆ ಗಾಯ ಚಿಕ್ಕದಾಗಿ ಕಂಡರೂ ತಕ್ಷಣ ಆಸ್ಪತ್ರೆಗೆ ಓಡಬೇಕು.